ಯುದ್ಧದ ನೆನಪು ಮತ್ತು ವಿಡಿಯೋ ಗೇಮ್: ಹುಬ್ಬಳ್ಳಿ-ಧಾರವಾಡದ ಮಾಜಿ ಸೈನಿಕರನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ರಣರಂಗದಿಂದ ಮನೆಗೆ ಮರಳಿದ ಸೈನಿಕನ ಮನಸ್ಸಿನ ಗಾಯವನ್ನು ಮಾಯಿಸಲು ವಿಡಿಯೋ ಗೇಮ್ ನೆರವಾದೀತೇ ಎಂಬ ಪ್ರಶ್ನೆಯನ್ನು ಮನೋವೈದ್ಯರು ಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಪರೀಕ್ಷೆಗೆ ಒಡ್ಡುತ್ತ ಬಂದಿದ್ದಾರೆ. ಈ ಕುರಿತ ಸುದ್ದಿಗಳು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಡಿ ಕಲಸಿಬಿಡುತ್ತವೆ. ಗೇಮ್ ತಯಾರಿಸುವ ತಂತ್ರದಿಂದಲೇ ಯುದ್ಧಭೂಮಿಯನ್ನು ಮರುಸೃಷ್ಟಿಸಿ, ವೈದ್ಯರ ಜೊತೆಯಲ್ಲಿ ರೋಗಿಯನ್ನು ಅದರೊಳಗೆ ನಡೆಸುವುದು ಮೊದಲನೆಯದು. ಟೆಟ್ರಿಸ್‌ನಂಥ ಸರಳ ಆಟದಿಂದ ಕಣ್ಣಮುಂದೆ ನುಗ್ಗಿಬರುವ ದೃಶ್ಯಗಳ ಬಿಗಿ ಸಡಿಲಿಸುವುದು ಎರಡನೆಯದು. ಗೆಳೆಯರೊಡನೆ ಮಾಮೂಲಿ ಗೇಮ್ ಆಡುತ್ತ ದಿನ ದೂಡುವುದು, ಒಂಟಿತನ ನೀಗುವುದು ಮೂರನೆಯದು. ಈ ಮೂರಕ್ಕೂ ಇರುವ ಆಧಾರ ಒಂದೇ ಮಟ್ಟದ್ದಲ್ಲ. ಯಾವುದು ಎಲ್ಲಿ ನಿಲ್ಲುತ್ತದೆ, ನಮ್ಮ ಅವಳಿ ನಗರಕ್ಕೆ ಯಾವುದು ಹೊಂದುತ್ತದೆ ಎಂದು ಬಿಡಿಸಿ ನೋಡುವುದು ಈ ಟಿಪ್ಪಣಿಯ ಉದ್ದೇಶ.

ಹುಬ್ಬಳ್ಳಿ-ಧಾರವಾಡವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಕೇಂದ್ರ 1922ರಿಂದಲೂ ಪಕ್ಕದ ಬೆಳಗಾವಿಯಲ್ಲಿದೆ. ಈ ಸೀಮೆಯ ಹಳ್ಳಿಗಳ ಹುಡುಗರು ಮಿಲಿಟರಿ ಸೇರುವುದು ತಲೆಮಾರುಗಳ ರೂಢಿ. ಸಿಪಾಯಿಯಾಗಿ ಸೇರಿದವರಲ್ಲಿ ಬಹಳ ಮಂದಿ ಹದಿನೈದು, ಹದಿನೇಳು ವರ್ಷ ಸೇವೆ ಮುಗಿಸಿ ನಲವತ್ತರ ಒಳಗೇ ಪೆನ್ಷನ್ ಹಿಡಿದು ಬರುತ್ತಾರೆ. ಆಮೇಲೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವವರುಂಟು, ರೈಲ್ವೆ ಸೇರುವವರುಂಟು, ಹೊಲಕ್ಕೆ ಮರಳುವವರುಂಟು. ಬದುಕಿನ ಇನ್ನರ್ಧ ಇನ್ನೂ ಮುಂದೆ ಉಳಿದಿರುತ್ತದೆ.

ಧಾರವಾಡದಲ್ಲಿ ಕಾರ್ಗಿಲ್ ಸ್ತೂಪವಿದೆ. ಪ್ರತಿವರ್ಷ ಜುಲೈ 26ರಂದು ಅಲ್ಲಿ ಹೂಮಾಲೆ ಬೀಳುತ್ತದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನಗಳ ಬಳಿಕ ಅವರಲ್ಲಿ ಉಸಿರಿದ್ದವರು ಒಬ್ಬರೇ: ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಫೆಬ್ರುವರಿ 11ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಇಡೀ ಜಿಲ್ಲೆ ಕಣ್ಣೀರಿಟ್ಟಿತು. ಆ ಗೌರವ ಅವರಿಗೆ ಸಲ್ಲಲೇಬೇಕಿತ್ತು. ಆದರೆ ಅಂಥದೇ ಠಾಣೆಗಳಲ್ಲಿ ಕಾವಲಿದ್ದು, ಸಂಗಾತಿಗಳನ್ನು ಹಿಮದಿಂದ ಅಗೆದು ತೆಗೆದು, ಬದುಕಿ ಬಂದವರೂ ನಮ್ಮ ನಡುವೆ ಇದ್ದಾರೆ. ರಾತ್ರಿ ಅವರಿಗೆ ನಿದ್ದೆ ಹತ್ತುತ್ತದೆಯೇ ಎಂದು ಕೇಳುವ ದಿನಾಚರಣೆ ಯಾವುದೂ ಇಲ್ಲ.

ಕೇಳಬಲ್ಲ ಸಂಸ್ಥೆ ಮಾತ್ರ ಊರಲ್ಲೇ ಇದೆ. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದದ್ದು ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಡಿಮ್ಹಾನ್ಸ್. ಗೇಮ್ ಕಟ್ಟಬಲ್ಲ ಕೈಗಳೂ ಇಲ್ಲಿವೆ: ತಡಸಿನಕೊಪ್ಪದಲ್ಲಿ ಐಐಐಟಿ, ಚಿಕ್ಕಮಲ್ಲಿಗವಾಡದಲ್ಲಿ ಐಐಟಿ, ಹುಬ್ಬಳ್ಳಿಯಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ರೋಗಿ, ವೈದ್ಯ, ತಂತ್ರಜ್ಞ ಮೂವರೂ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಸಿಗುವ ಊರುಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಕಾಯಿಲೆಯ ಬಗ್ಗೆ ಒಂದು ಮಾತು. ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂನಿಂದ ಮರಳಿದವರ ಪಾಡು ಕಂಡ ಮೇಲೆ. ಬೇಡವೆಂದರೂ ನುಗ್ಗಿಬರುವ ನೆನಪು ಮತ್ತು ದುಃಸ್ವಪ್ನ, ಆ ನೆನಪು ತರುವ ಜಾಗ-ಜನರಿಂದ ತಪ್ಪಿಸಿಕೊಳ್ಳುವುದು, ಮನಸ್ಸು ಮರಗಟ್ಟುವುದು, ಸದಾ ಎಚ್ಚರದಲ್ಲಿ ಬೆಚ್ಚುತ್ತಿರುವುದು ಅದರ ಮುಖ್ಯ ಲಕ್ಷಣಗಳು. ನಮ್ಮ ಮನೆಗಳಲ್ಲಿ ಇದು ಆ ಹೆಸರಿನಿಂದ ಕಾಣಿಸಿಕೊಳ್ಳುವುದೇ ಇಲ್ಲ. ದೀಪಾವಳಿಯ ಪಟಾಕಿ ಹೊತ್ತಿಗೆ ಒಳಕೋಣೆ ಸೇರುವವನು, ಮದುವೆ ಮನೆಯಲ್ಲಿ ಬಾಗಿಲಿಗೆ ಮುಖ ಮಾಡಿಯೇ ಕೂರುವವನು, ಕ್ಯಾಂಟೀನಿನ ರಮ್ ಇಲ್ಲದೆ ಮಲಗಲಾರದವನು, ಎದೆ ಹಿಡಿದಂತಾಗುತ್ತದೆ ಎಂದು ಹೃದಯದ ಡಾಕ್ಟರ ಬಳಿ ಅಲೆಯುವವನು: ಇವರನ್ನು ಕಂಡು ಮನೆಯವರು ‘ಮಿಲ್ಟ್ರಿ ಮಂದಿ, ಸಿಟ್ಟು ಜಾಸ್ತಿ’ ಎಂದು ಸುಮ್ಮನಾಗುತ್ತಾರೆ. ಸೇವೆಯಲ್ಲಿದ್ದಾಗಲೂ ಬಾಯಿ ಬಿಡದಿರಲು ಕಾರಣವಿತ್ತು. ಸೇನೆಯ ‘ಶೇಪ್’ ವೈದ್ಯಕೀಯ ವರ್ಗೀಕರಣದ ಐದು ಅಂಶಗಳಲ್ಲಿ ಮೊದಲನೆಯದು ಮಾನಸಿಕ ಸ್ಥಿತಿ. ಅಲ್ಲಿ ದರ್ಜೆ ಇಳಿದರೆ ಪೋಸ್ಟಿಂಗ್ ಮತ್ತು ಬಡ್ತಿಗೆ ಪೆಟ್ಟು. ಊರಿಗೆ ಬಂದ ಮೇಲೆ ಇನ್ನೊಂದು ಅಂಜಿಕೆ. ಉತ್ತರ ಕರ್ನಾಟಕದಲ್ಲಿ ‘ಇವನ್ನ ಧಾರವಾಡಕ್ಕ ಒಯ್ಯಬೇಕು’ ಎಂಬ ಚೇಷ್ಟೆಯ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಧಾರವಾಡದಲ್ಲೇ ಇರುವವನಿಗೆ ಆ ಆಸ್ಪತ್ರೆಯ ಗೇಟು ಇನ್ನೂ ದೂರ.

ಹೀಗಾಗಿ ಗೇಮ್‌ಗಳ ಬಗ್ಗೆ ನನಗಿರುವ ಆಸಕ್ತಿ ಕೇವಲ ತಂತ್ರಜ್ಞಾನದ ಆಸಕ್ತಿಯಲ್ಲ. ಮಾತಾಡಲು ಒಲ್ಲದ ಮನುಷ್ಯನನ್ನು ಚಿಕಿತ್ಸೆಯ ಹತ್ತಿರ ತರುವ ದಾರಿ ಯಾವುದಾದರೂ ಇದ್ದರೆ ಅದನ್ನು ಬಿಡಬಾರದು.

ಮೂರರಲ್ಲಿ ನನಗೆ ಹೆಚ್ಚು ಭರವಸೆಯದಾಗಿ ಕಂಡದ್ದು ಟೆಟ್ರಿಸ್. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ರೂಪಿಸಿದ ಈ ಆಟದಲ್ಲಿ ಕೊಲ್ಲುವುದಿಲ್ಲ, ಓಡುವುದಿಲ್ಲ. ಮೇಲಿನಿಂದ ಬೀಳುವ ಬಣ್ಣದ ತುಂಡುಗಳನ್ನು ತಿರುಗಿಸಿ ಸಂದು ಬಿಡದಂತೆ ಜೋಡಿಸಬೇಕು ಅಷ್ಟೆ. ಆಡುವವನು ತುಂಡು ಕೆಳಗಿಳಿಯುವ ಮುನ್ನವೇ ಅದನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುತ್ತಿರುತ್ತಾನೆ. ಮನೋವಿಜ್ಞಾನಿ ಎಮಿಲಿ ಹೋಮ್ಸ್ ಹಿಡಿದದ್ದು ಈ ಎಳೆಯನ್ನು. ಆಘಾತದ ನೆನಪು ನುಗ್ಗಿಬರುವುದು ಬಹುಮಟ್ಟಿಗೆ ಚಿತ್ರವಾಗಿ. ಆ ಚಿತ್ರವನ್ನು ಮನಸ್ಸು ಹಿಡಿದಿಡುವ ಜಾಗವೂ ಟೆಟ್ರಿಸ್ ತುಂಡನ್ನು ತಿರುಗಿಸುವ ಜಾಗವೂ ಒಂದೇ. ಒಂದು ಹಂಚಿನ ಮೇಲೆ ಒಮ್ಮೆಗೆ ಒಂದೇ ರೊಟ್ಟಿ ಬೇಯುತ್ತದೆ. ನೆನಪು ಇನ್ನೂ ಹಸಿಯಾಗಿರುವಾಗ, ಅಥವಾ ಹಳೆಯ ನೆನಪನ್ನು ಮತ್ತೆ ಎಬ್ಬಿಸಿದ ಕೂಡಲೇ ಆ ಜಾಗವನ್ನು ಆಟ ಆಕ್ರಮಿಸಿದರೆ, ಚಿತ್ರ ಮೊದಲಿನಷ್ಟು ಗಟ್ಟಿಯಾಗಿ ಊರುವುದಿಲ್ಲ ಎಂಬುದು ಅವರ ವಾದ.

2009ರಲ್ಲಿ ಹೋಮ್ಸ್ ತಂಡ ಪ್ರಕಟಿಸಿದ ಪ್ರಯೋಗದಲ್ಲಿ 40 ಆರೋಗ್ಯವಂತರಿಗೆ ಗಾಯ-ಸಾವುಗಳ ದೃಶ್ಯವಿದ್ದ ಚಿತ್ರ ತೋರಿಸಿ, ಅರ್ಧ ಗಂಟೆಯ ಬಳಿಕ ಅರ್ಧದಷ್ಟು ಮಂದಿಗೆ 10 ನಿಮಿಷ ಟೆಟ್ರಿಸ್ ಆಡಿಸಿದರು. ಮುಂದಿನ ಒಂದು ವಾರ ದಿನಚರಿ ಬರೆದಾಗ ಆಡಿದವರಿಗೆ ಆ ದೃಶ್ಯಗಳು ಮರುಕಳಿಸಿದ್ದು ಕಡಿಮೆ. ಚಿತ್ರದ ಸಂಗತಿಗಳು ಮಾತ್ರ ಅವರಿಗೆ ಮರೆತಿರಲಿಲ್ಲ. ಈ ಅಂಶ ಸೈನಿಕನ ಮಟ್ಟಿಗೆ ದೊಡ್ಡದು. ಬಿದ್ದ ಗೆಳೆಯನನ್ನು ಮರೆಯಬೇಕೆಂದು ಯಾವ ಸೈನಿಕನೂ ಬಯಸುವುದಿಲ್ಲ. ಅವನ ನೆನಪಿರಬೇಕು, ನಡುರಾತ್ರಿ ಅದು ಕುತ್ತಿಗೆ ಹಿಡಿಯಬಾರದು. 2010ರ ಇನ್ನೊಂದು ಪ್ರಯೋಗದಲ್ಲಿ ಟೆಟ್ರಿಸ್ ಬದಲು ಪದಗಳಲ್ಲಿ ಉತ್ತರಿಸುವ ಕ್ವಿಜ್ ಆಡಿಸಿ ನೋಡಿದರು. ಮರುಕಳಿಸುವ ದೃಶ್ಯಗಳು ತಗ್ಗಲಿಲ್ಲ, ಹೆಚ್ಚಾದವು. ಮನಸ್ಸನ್ನು ಯಾವುದಾದರೂ ಆಟದಲ್ಲಿ ತೊಡಗಿಸಿದರೆ ಸಾಕೆಂಬ ಸಡಿಲ ಮಾತಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಡ.

ಪ್ರಯೋಗಾಲಯದ ಚಿತ್ರ ಬೇರೆ, ನಿಜದ ಆಘಾತ ಬೇರೆ. ಆಕ್ಸ್‌ಫರ್ಡಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕ 71 ಮಂದಿಯ ಮೇಲೆ ನಡೆದ, 2018ರಲ್ಲಿ ಅಚ್ಚಾದ ಅಧ್ಯಯನದಲ್ಲಿ ಆರು ಗಂಟೆಯೊಳಗೆ ಆಟ ಆಡಿದವರಿಗೆ ಮೊದಲ ವಾರದ ನುಗ್ಗುನೆನಪುಗಳು 62% ಕಡಿಮೆ. ಅದೇ ವರ್ಷದ ಜರ್ಮನಿಯ ಅಧ್ಯಯನ ನಮಗೆ ಇನ್ನೂ ಹತ್ತಿರ, ಏಕೆಂದರೆ ಅಲ್ಲಿ ನೆನಪುಗಳು ಹಳೆಯವು. ಪಿಟಿಎಸ್‌ಡಿಯಿಂದ ಆಸ್ಪತ್ರೆ ಸೇರಿದ್ದ 20 ಮಂದಿ ಒಂದು ನಿರ್ದಿಷ್ಟ ನೆನಪನ್ನು ಕಾಗದದ ಮೇಲೆ ಬರೆದು, ಕಾಗದ ಹರಿದು ಹಾಕಿ, ಬಳಿಕ ಟೆಟ್ರಿಸ್ ಆಡಿದರು. ಹಾಗೆ ಗುರಿ ಮಾಡಿದ ನೆನಪು 64% ತಗ್ಗಿತು; ಗುರಿ ಮಾಡದವು 11% ಮಾತ್ರ. ಸ್ವೀಡನ್ನಿನಲ್ಲಿ ಕೋವಿಡ್ ಕಾಲದ 144 ಆರೋಗ್ಯ ಸಿಬ್ಬಂದಿಯ ಮೇಲೆ ನಡೆದ ಪ್ರಯೋಗದಲ್ಲೂ ಐದನೇ ವಾರಕ್ಕೆ ಟೆಟ್ರಿಸ್ ಆಡಿದ ಗುಂಪಿನ ಮಧ್ಯಾಂಕ ವಾರಕ್ಕೆ 1 ನುಗ್ಗುನೆನಪು, ಆಡದ ಗುಂಪಿನದು 5.

ಸೈನಿಕರ ಮೇಲೆಯೇ ನಡೆದದ್ದು ಬರ್ಲಿನ್ನಿನ ಸೇನಾ ಆಸ್ಪತ್ರೆಯ ಅಧ್ಯಯನ, ಪ್ರಕಟವಾದದ್ದು 2020ರಲ್ಲಿ. ಯುದ್ಧದಿಂದ ಪಿಟಿಎಸ್‌ಡಿಯಾದ 40 ಪುರುಷರು. ಎಲ್ಲರಿಗೂ ಕಣ್ಣಾಲಿಗಳನ್ನು ಎಡಬಲಕ್ಕೆ ಆಡಿಸುತ್ತ ನೆನಪನ್ನು ಎದುರಿಸುವ ಇಎಂಡಿಆರ್ ಚಿಕಿತ್ಸೆ. 20 ಮಂದಿಗೆ ಅದರ ಜೊತೆ ಸುಮಾರು ಆರು ವಾರ ದಿನಕ್ಕೆ 60 ನಿಮಿಷ ಟೆಟ್ರಿಸ್. ಚಿಕಿತ್ಸೆ ಮುಗಿದಾಗ ಎರಡೂ ಗುಂಪು ಸುಧಾರಿಸಿತ್ತು. ಆಟ ಆಡಿದವರಲ್ಲಿ ಮಾತ್ರ ಮಿದುಳಿನ ಹಿಪೊಕ್ಯಾಂಪಸ್ ಭಾಗದ ಗಾತ್ರ ಹೆಚ್ಚಿತ್ತು. ಆ ಹೆಚ್ಚಳಕ್ಕೂ ಮುಂದಿನ ತಿಂಗಳುಗಳಲ್ಲಿ ಅವರ ಆತಂಕ, ಖಿನ್ನತೆ, ಪಿಟಿಎಸ್‌ಡಿ ಲಕ್ಷಣಗಳು ಇಳಿದದ್ದಕ್ಕೂ ಸಂಬಂಧ ಕಂಡಿತು. ಇದನ್ನು ಉತ್ಪ್ರೇಕ್ಷಿಸಬಾರದು. 20 ಮಂದಿಯ ಗುಂಪು ಚಿಕ್ಕದು. ಗುಣಪಡಿಸಿದ ಮುಖ್ಯ ಶಕ್ತಿ ಚಿಕಿತ್ಸೆಯೇ. ಗುಣವಾದದ್ದು ನಿಲ್ಲಲು ಆಟ ಆಸರೆಯಾಗಿರಬಹುದು ಎಂಬಷ್ಟೇ ತೀರ್ಮಾನಕ್ಕೆ ಅದು ಎಡೆ ಕೊಡುತ್ತದೆ. ನನ್ನ ಮಟ್ಟಿಗೆ ಅಷ್ಟು ಸಾಕು, ಏಕೆಂದರೆ ಈ ಆಸರೆಗೆ ದುಬಾರಿ ಯಂತ್ರ ಬೇಕಿಲ್ಲ, ಕಿಸೆಯ ಫೋನು ಸಾಕು.

ರಣರಂಗವನ್ನೇ ಮರುಕಟ್ಟುವ ಮೊದಲನೆಯ ಬಗೆ ಹೆಚ್ಚು ಸದ್ದು ಮಾಡಿದೆ. ಅಟ್ಲಾಂಟಾದಲ್ಲಿ ಬಾರ್ಬರಾ ರೋತ್‌ಬಾಮ್ ಮತ್ತು ಲ್ಯಾರಿ ಹಾಡ್ಜಸ್ 1990ರ ದಶಕದ ಕೊನೆಯಲ್ಲಿ ‘ವರ್ಚುವಲ್ ವಿಯೆಟ್ನಾಂ’ ಕಟ್ಟಿದರು: ತಲೆಗೆ ತೊಡುವ ಪರದೆಯೊಳಗೆ ಒಂದು ಹೆಲಿಕಾಪ್ಟರ್, ಕಾಡಿನ ನಡುವೆ ಒಂದು ಬಯಲು. ಮುಂದೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ರಿಜೊ, 2004ರ ‘ಫುಲ್ ಸ್ಪೆಕ್ಟ್ರಮ್ ವಾರಿಯರ್’ ಗೇಮ್‌ನ ಚಿತ್ರಸಾಮಗ್ರಿಯನ್ನೇ ಬಳಸಿ ‘ವರ್ಚುವಲ್ ಇರಾಕ್’ ರೂಪಿಸಿದರು; ಅದು ಬೆಳೆದು ‘ಬ್ರೇವ್‌ಮೈಂಡ್’ ಆಯಿತು. ಚಿಕಿತ್ಸಕ ಗುಂಡಿಗಳನ್ನೊತ್ತಿ ಹೊತ್ತು ಬದಲಿಸಬಲ್ಲ, ಸ್ಫೋಟ ತರಬಲ್ಲ. ನೆಲ ನಡುಗುತ್ತದೆ, ಡೀಸೆಲ್ಲಿನ, ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ರೋಗಿ ತನ್ನ ಕಥೆಯನ್ನು ವರ್ತಮಾನದಲ್ಲಿ ಹೇಳುತ್ತ ಅದರೊಳಗೆ ನಡೆಯುತ್ತಾನೆ, ಭಯ ಇಳಿಯುವವರೆಗೆ. ಮೊದಲ ಪರೀಕ್ಷೆಯಲ್ಲಿ ಚಿಕಿತ್ಸೆ ಪೂರೈಸಿದ 20 ಮಂದಿಯಲ್ಲಿ 16 ಮಂದಿಗೆ ಪಿಟಿಎಸ್‌ಡಿ ಎನ್ನುವಷ್ಟು ಲಕ್ಷಣ ಉಳಿದಿರಲಿಲ್ಲ.

ದೊಡ್ಡ ಪರೀಕ್ಷೆ ಬಂದಾಗ ಚಿತ್ರ ಬದಲಾಯಿತು. 2016ರಲ್ಲಿ ಗ್ರೆಗ್ ರೆಗರ್ ತಂಡ 162 ಅಮೆರಿಕನ್ ಸೈನಿಕರನ್ನು ಚೀಟಿ ಎತ್ತಿದಂತೆ ಮೂರು ಗುಂಪಾಗಿ ಹಂಚಿ ನೋಡಿತು. ಪರದೆಯ ಚಿಕಿತ್ಸೆಯೂ, ಪರದೆಯಿಲ್ಲದೆ ಕಣ್ಣು ಮುಚ್ಚಿ ನೆನಪನ್ನು ಹೇಳಿಸುವ ಹಳೆಯ ಚಿಕಿತ್ಸೆಯೂ, ಏನೂ ಪಡೆಯದೆ ಕಾದವರಿಗಿಂತ ಮೇಲು. ಆದರೆ ಮೂರು ಮತ್ತು ಆರು ತಿಂಗಳ ಬಳಿಕ ನೋಡಿದಾಗ ಮುಂದಿದ್ದದ್ದು ಹಳೆಯ ಚಿಕಿತ್ಸೆ. 192 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಖಿನ್ನತೆಯೂ ಜೊತೆಗಿದ್ದವರಿಗೆ ಪರದೆ ಹೆಚ್ಚು ಒಗ್ಗಿತು. ದುಬಾರಿ ಸಲಕರಣೆಯನ್ನು ಕೊಂಡು ಉದ್ಘಾಟಿಸುವ ಆತುರ ಇರುವವರು ಈ ಎರಡು ಫಲಿತಾಂಶಗಳನ್ನು ಮೊದಲು ಓದಬೇಕು.

ಇಲ್ಲಿನವರಿಗೆ ಇನ್ನೂ ಒಂದು ತೊಡಕು. ಬಾಗ್ದಾದಿನ ಬೀದಿಯಾಗಲಿ, ಮರಳುಗಾಡಿನ ಹೆದ್ದಾರಿಯಾಗಲಿ ಕುಂದಗೋಳದ, ಕಲಘಟಗಿಯ ಸೈನಿಕನ ನೆನಪಿನಲ್ಲಿಲ್ಲ. ಅವನದು 1987ರಿಂದ 1990ರವರೆಗಿನ ಶ್ರೀಲಂಕಾದ ಪಾಮೈರಾ ತಾಳೆತೋಪು, 1999ರ ದ್ರಾಸ್‌ನ ಬಂಡೆಯೇರು, ಕಾಶ್ಮೀರದ ಹಳ್ಳಿಯೊಂದನ್ನು ಸುತ್ತುವರಿದ ಬೆಳಗಿನ ಜಾವ, ಸಿಯಾಚಿನ್‌ನ ಬಿಳುಪು. ಸಿಯಾಚಿನ್‌ನಲ್ಲಿ ಗುಂಡಿಗಿಂತ ಹೆಚ್ಚು ಕೊಂದದ್ದು ಚಳಿ, ಹಿಮಪಾತ, ತೆಳುಗಾಳಿ. ಆ ಮೌನವನ್ನು ಯಾವ ಶೂಟಿಂಗ್ ಗೇಮೂ ಕಟ್ಟಿಕೊಟ್ಟಿಲ್ಲ. ಇಂಥ ದೃಶ್ಯಗಳನ್ನು ಇಲ್ಲೇ, ಮಾಜಿ ಸೈನಿಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಯಾರಿಸಬೇಕಾಗುತ್ತದೆ. ವಿದೇಶದಿಂದ ಆಮದು ಮಾಡಿದ್ದು ಉಪಯೋಗಕ್ಕೆ ಬಾರದು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅದು ಒಳ್ಳೆಯ ಕೆಲಸ. ಆದರೂ ಅದನ್ನು ಎರಡನೇ ಹೆಜ್ಜೆಯಾಗಿಯೇ ಇಡುತ್ತೇನೆ.

ಮಾಮೂಲಿ ಆಟದ ವಿಷಯ ಬೇಗ ಹೇಳಬಹುದು. ಜಾನ್ಸ್ ಹಾಪ್ಕಿನ್ಸ್‌ನ ಮಿಶೆಲ್ ಕೋಲ್ಡರ್ ಕಾರಸ್ 2018ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಮಾನಸಿಕ ಚಿಕಿತ್ಸೆ ಪಡೆಯುತ್ತಿದ್ದ 20 ಮಾಜಿ ಸೈನಿಕರನ್ನು ಮಾತಾಡಿಸಿದರು. ಕೆಟ್ಟ ಯೋಚನೆಯಿಂದ ಮನಸ್ಸು ತಿರುಗುತ್ತದೆ, ಕುಡಿತದ ಸೆಳೆತ ತಪ್ಪುತ್ತದೆ, ಪಡೆಯಲ್ಲಿದ್ದಂಥ ಗೆಳೆತನ ಮತ್ತೆ ಸಿಗುತ್ತದೆ ಎಂಬಂಥ ಉತ್ತರಗಳು ಬಂದವು. ಯುದ್ಧದ ಗೇಮ್ ಕೆಲವರಿಗೆ ಹಿತ, ಕೆಲವರಿಗೆ ಹಿಂಸೆ. ಅಮೆರಿಕದಲ್ಲೇ 2015ರಲ್ಲಿ ಸ್ಟೀಫನ್ ಮಚೂಗಾ ಎಂಬ ಮಾಜಿ ಸೇನಾಧಿಕಾರಿ ಸ್ಥಾಪಿಸಿದ ‘ಸ್ಟ್ಯಾಕ್ ಅಪ್’ ಸಂಸ್ಥೆ ಗೇಮ್ ಆಡುವ ಸೈನಿಕರ ನಡುವೆ ಪರಸ್ಪರ ನೆರವಿನ ಜಾಲ ಕಟ್ಟಿದೆ. ಇವು ಅನುಭವದ ಮಾತುಗಳು, ಚಿಕಿತ್ಸೆಯ ಪುರಾವೆಯಲ್ಲ. ನಮ್ಮಲ್ಲಿ ಆ ಗೆಳೆತನದ ಕೆಲಸವನ್ನು ಮಾಜಿ ಸೈನಿಕರ ಸಂಘದ ಕ್ಯಾರಂ ಬೋರ್ಡೂ ಮಾಡಬಲ್ಲದು, ಮೊಬೈಲೇ ಬೇಕೆಂದಿಲ್ಲ.

ಅಪಾಯಗಳನ್ನು ಮುಚ್ಚಿಡಬಾರದು. ಗೇಮಿಂಗ್ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಯೆಂದು ಒಪ್ಪಿತು. ಆ ಪಟ್ಟಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಅದಕ್ಕೂ ಮೊದಲೇ, 2014ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ತಂತ್ರಜ್ಞಾನದ ಗೀಳಿಗೆ ‘ಶಟ್’ ಕ್ಲಿನಿಕ್ ತೆರೆದಿತ್ತು. ನಿದ್ದೆಗೆಟ್ಟ ಮನುಷ್ಯನ ಕೈಗೆ ಅಂಕೆಯಿಲ್ಲದೆ ಫೋನು ಕೊಟ್ಟರೆ ನಿದ್ದೆ ಇನ್ನಷ್ಟು ಕೆಡುತ್ತದೆ. ಪೆನ್ಷನ್ ಹಣವಿರುವ ಒಂಟಿ ಮನುಷ್ಯನಿಗೆ ರಮ್ಮಿಯಂಥ ಹಣದ ಆಟಗಳು ನೇರ ಕುತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಹೂಡುವ ಆಟಗಳನ್ನು ನಿಷೇಧಿಸಿದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಪಬ್‌ಜಿಯಿಂದ ಮಕ್ಕಳು ಕೆಟ್ಟರೆಂದು ನೊಂದಿರುವ ಮನೆಗಳಲ್ಲಿ ‘ಗೇಮ್ ಆಡಿ’ ಎಂದು ವೈದ್ಯರು ಹೇಳಿದರೆ ಹೆಂಡತಿ ಒಪ್ಪುವುದಿಲ್ಲ. ಅವಳಿಗೆ ಮೊದಲೇ ತಿಳಿಸಿ ಹೇಳಬೇಕು. ರಾತ್ರಿ ಅವನು ಬೆಚ್ಚಿ ಎದ್ದದ್ದನ್ನು ಎಣಿಸಬಲ್ಲವಳೂ ಅವಳೇ.

ಹಾಗಾದರೆ ಇಲ್ಲಿ ಏನು ಮಾಡಬಹುದು? ನನ್ನ ಪ್ರಸ್ತಾವ ಚಿಕ್ಕದು. ಡಿಮ್ಹಾನ್ಸ್‌ನ ಮನೋವೈದ್ಯರ ಮೇಲ್ವಿಚಾರಣೆಯಲ್ಲಿ, ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಈಗಾಗಲೇ ಚಿಕಿತ್ಸೆಗೆ ಬಂದಿರುವ ಮಾಜಿ ಸೈನಿಕರನ್ನು ಎರಡು ಗುಂಪಾಗಿ ಹಂಚುವುದು. ಎರಡೂ ಗುಂಪಿಗೆ ಎಂದಿನ ಚಿಕಿತ್ಸೆ. ಒಂದು ಗುಂಪಿಗೆ ಅದರ ಜೊತೆ ಜರ್ಮನಿಯ ಮಾದರಿಯಲ್ಲಿ ಗುರಿಯಿಟ್ಟ ಟೆಟ್ರಿಸ್. ನೆನಪನ್ನು ಎಬ್ಬಿಸುವ ಹಂತ ಕಡ್ಡಾಯವಾಗಿ ಚಿಕಿತ್ಸಕರ ಎದುರಿಗೇ ಆಗಬೇಕು, ಮನೆಯಲ್ಲಿ ಒಬ್ಬನೇ ಕೂತು ಅಲ್ಲ. ಅಳೆಯಬೇಕಾದದ್ದು ವಾರಕ್ಕೆ ನುಗ್ಗಿಬಂದ ನೆನಪುಗಳ ಸಂಖ್ಯೆ, ನಿದ್ದೆಯ ತಾಸುಗಳು, ಕುಡಿತ. ಆರು ತಿಂಗಳವರೆಗಾದರೂ ಬೆನ್ನು ಹತ್ತಬೇಕು. ರೆಗರ್ ತಂಡದ ಪರೀಕ್ಷೆಯಲ್ಲಿ ನಿಜ ತಿಳಿದದ್ದು ತಿಂಗಳುಗಳು ಕಳೆದ ಮೇಲೆಯೇ.

ಆಟವನ್ನು ಹಾಗೆಯೇ ಪೇಟೆಯಿಂದ ಇಳಿಸಿಕೊಳ್ಳುವಂತಿಲ್ಲ. ಶ್ರೀಲಂಕಾಕ್ಕೆ ಇಪ್ಪತ್ತರ ಹರೆಯದಲ್ಲಿ ಹೋದವರಿಗೆ ಈಗ ಅರವತ್ತರ ಆಸುಪಾಸು, ಕಾರ್ಗಿಲ್‌ನವರಿಗೆ ನಲವತ್ತೈದು ದಾಟಿದೆ. ಚಾಳೀಸು ಬಂದ ಕಣ್ಣಿಗೆ ತುಂಡುಗಳು ದೊಡ್ಡವಾಗಿ ಕಾಣಬೇಕು, ವೇಗ ನಿಧಾನವಾಗಿ ಏರಬೇಕು. ಪಟಾಕಿಯಂಥ ಸದ್ದಿರಬಾರದು, ಜಾಹೀರಾತು ಇರಬಾರದು, ಹಣದ ಮಾತೇ ಇರಬಾರದು. ಹೊತ್ತು ಮೀರಿದರೆ ಆಟ ತಾನೇ ನಿಲ್ಲಬೇಕು. ಸೂಚನೆಗಳು ಧಾರವಾಡದ ಆಡುಗನ್ನಡದ ದನಿಯಲ್ಲಿರಲಿ. ಸೇನೆಯಲ್ಲಿ ಹಿಂದಿಯಲ್ಲೇ ಆಜ್ಞೆ ಕೇಳಿದವನಿಗೆ ಮನೆಯ ಮಾತು ಕೇಳಿದರೆ ಅಂಜಿಕೆ ಕಡಿಮೆ. ಐಐಐಟಿಯ ಒಂದು ವಿದ್ಯಾರ್ಥಿ ತಂಡಕ್ಕೆ ಇದು ಒಂದು ಸೆಮಿಸ್ಟರಿನ ಕೆಲಸ.

ಈ ಮೂರೂ ಕಡೆಯವರನ್ನು ಒಂದೇ ಮೇಜಿಗೆ ಕರೆಯಬೇಕಾದವರು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರು. ಪಿಂಚಣಿ ಕಾಗದ, ಮಕ್ಕಳ ವಿದ್ಯಾರ್ಥಿವೇತನಕ್ಕೆಂದು ಮಾಜಿ ಸೈನಿಕ ಅಂಜದೆ ಹೋಗುವ ಕಚೇರಿ ಅದೊಂದೇ. 2003ರಿಂದ ನಡೆಯುತ್ತಿರುವ ಇಸಿಎಚ್‌ಎಸ್ ಆರೋಗ್ಯ ಯೋಜನೆಯ ಡಾಕ್ಟರುಗಳು ರಕ್ತದೊತ್ತಡ ನೋಡುವಾಗ ನಿದ್ದೆಯ ಬಗ್ಗೆಯೂ ಎರಡು ಪ್ರಶ್ನೆ ಕೇಳಿದರೆ ಸಾಕು, ಅರ್ಧ ದಾರಿ ಸವೆದಂತೆ. ಗೇಮ್ ಇರಲಿ ಬಿಡಲಿ, ಆ ಪ್ರಶ್ನೆಗಳು ನಾಳೆಯಿಂದಲೇ ಶುರುವಾಗಬೇಕು.

ಓದುಗರ ಮನೆಯಲ್ಲಿ ಅಥವಾ ಓಣಿಯಲ್ಲಿ ಇಂಥವರು ಇದ್ದರೆ ಪ್ರಯೋಗ ಆರಂಭವಾಗಲೆಂದು ಕಾಯಬೇಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ತೆರೆದಿರುತ್ತದೆ. ಸೇನೆಯವರಿಗಾಗಿಯೇ ಅದರ ಒಂದು ವಿಶೇಷ ಘಟಕ 2023ರ ಡಿಸೆಂಬರ್ 1ರಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಗಿದೆ.